ಸೂಟಿನ ಸಂಸಾರ

‘ಸೂಟು’ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಒಂದೇ ಬಟ್ಟೆಯಲ್ಲಿ ಹೊಲಿದ ಕೋಟು-ಷರಾಯಿಗಳ ಜೋಡಿ. ಆದರೆ ಇಂಗ್ಲಿಷಿನಲ್ಲಿ ಈ ಪದದ ಸಂಸಾರ ಬಲು ದೊಡ್ಡದು. ಇಸ್ಪೀಟಿನ ಕಟ್ಟಿನಲ್ಲಿ ಆಟೀನು, ಕಳಾವರು ಎಂಬ ಹದಿಮೂರು ಹದಿಮೂರು ಎಲೆಗಳ ಒಂದೊಂದು ಬಗೆಯೂ ಸೂಟೇ. ಹೆಣ್ಣಿನ ಕೈಬೇಡಿ ಗಂಡು ಸಲ್ಲಿಸುವ ಬಿನ್ನಹವೂ ಸೂಟೇ. ನ್ಯಾಯಾಲಯದಲ್ಲಿ ಹೂಡುವ ದಾವೆಯೂ ಸೂಟೇ. ಗಡಿಯ ವಿಚಾರವಾಗಿ ಮಹಾರಾಷ್ಟ್ರ ಸರಕಾರವು 2004ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಹೂಡಿದುದು ಸಹ ಒಂದು ‘ಒರಿಜಿನಲ್ ಸೂಟ್’.

ಉಡುಪಿಗೂ ವ್ಯಾಜ್ಯಕ್ಕೂ ಏನು ನಂಟು? ಲ್ಯಾಟಿನ್ ಭಾಷೆಯ ‘ಸೆಕ್ವಿ’ ಎಂಬ ಕ್ರಿಯಾಪದಕ್ಕೆ ‘ಹಿಂಬಾಲಿಸು’ ಎಂದು ಅರ್ಥ. ಅದರಿಂದ ಹುಟ್ಟಿದ ಮಾತು ಫ್ರೆಂಚಿನ ಮೂಲಕ ಇಂಗ್ಲೆಂಡಿಗೆ ಬಂದಿತು. ಅಲ್ಲಿ ಒಕ್ಕಲುಗಳು ಒಡೆಯನ ನ್ಯಾಯಸಭೆಗೆ ಹಾಜರಾಗಬೇಕೆಂಬ ಕಟ್ಟಳೆಗೆ ಈ ಹೆಸರಿತ್ತು; ಪರಿವಾರದವರು ತೊಡುವ ಏಕರೂಪದ ಉಡುಪಿಗೂ ಇದೇ ಹೆಸರಾಯಿತು. ಸಂಸ್ಕೃತದ ‘ಸಚ್’ ಧಾತುವಿಗೂ ‘ಸೆಕ್ವಿ’ಗೂ ಬೇರು ಒಂದೇ. ಜತೆಗಿರುವವನು ‘ಸಚಿವ’. ಸಚಿವರಿಗೂ ಅವರು ತೊಡುವ ಸೂಟಿಗೂ ಹೀಗೆ ದಾಯಾದಿ ಸಂಬಂಧ!

ಹೊಸ ಉಡುಪಿನೊಡನೆ ಬಂದ ಹೆಸರನ್ನು ಬರಮಾಡಿಕೊಂಡುದರಲ್ಲಿ ದೋಷವಿಲ್ಲ. ಕ್ರಿಯಾಪದದ ವಿಷಯ ಬೇರೆ. ‘ಈ ಬಣ್ಣ ನಿನಗೆ ಸೂಟ್ ಆಗುತ್ತದೆ’, ‘ಈ ಊರಿನ ನೀರು ಸೂಟ್ ಆಗದು’, ‘ಆ ವೇಳೆ ನಮಗೆ ಸೂಟ್ ಆಗುವುದಿಲ್ಲ’ ಎಂಬ ಮಾತುಗಳನ್ನು ಈಗ ನಮ್ಮ ಮನೆಗಳಲ್ಲಿಯೇ ಕೇಳುತ್ತಿದ್ದೇವೆ. ಕನ್ನಡದಲ್ಲಿ ಬಣ್ಣ ಒಪ್ಪುತ್ತದೆ, ನೀರು ಒಗ್ಗುತ್ತದೆ, ವೇಳೆ ಅನುಕೂಲವಾಗುತ್ತದೆ, ಜಾತಕ ಕೂಡಿಬರುತ್ತದೆ. ಒಪ್ಪುವುದು ಕಣ್ಣಿಗೆ, ಒಗ್ಗುವುದು ದೇಹಕ್ಕೆ. ನಾಲ್ಕು ಅನುಭವಗಳಿಗೆ ನಮ್ಮ ಹಿರಿಯರು ನಾಲ್ಕು ಮಾತುಗಳನ್ನು ಇಟ್ಟಿದ್ದರು. ಒಂದೇ ಸೂಟು ನಾಲ್ಕರ ಜಾಗದಲ್ಲಿಯೂ ಕುಳಿತರೆ ಆ ಸೂಕ್ಷ್ಮ ಉಳಿಯುವುದೆಲ್ಲಿ?

ಕರ್ನಾಟಕದೊಳಗಿನ ಮಗು ಮನೆಯಲ್ಲಿ ಕೇಳದ ಮಾತನ್ನು ಶಾಲೆಯಲ್ಲಿಯೋ ಬೀದಿಯಲ್ಲಿಯೋ ಕೇಳೀತು. ಗಡಿನಾಡಿನ ನಮ್ಮ ಅನೇಕ ಮಕ್ಕಳಿಗೆ ಶಾಲೆಯ ಭಾಷೆ ಮರಾಠಿ, ಮಲೆಯಾಳ, ತೆಲುಗು ಇಲ್ಲವೆ ಇಂಗ್ಲಿಷು. ಅಂಥವರಿಗೆ ಅಡುಗೆಮನೆ, ಜಗಲಿಗಳೇ ಕನ್ನಡದ ಪಾಠಶಾಲೆ. ಅಲ್ಲಿ ನಾವು ಕೈಬಿಟ್ಟ ಮಾತನ್ನು ಅವರಿಗೆ ಮತ್ತೊಬ್ಬರು ಕಲಿಸಲಾರರು.

ಆದುದರಿಂದ ಓದುಗ ಬಂಧುಗಳೇ, ಸೂಟನ್ನು ಸಂತೋಷದಿಂದ ತೊಡೋಣ. ಅದು ಒಪ್ಪುತ್ತದೆಯೇ ಎಂದು ಮಾತ್ರ ಮಕ್ಕಳ ಮುಂದೆ ಕನ್ನಡದಲ್ಲಿಯೇ ಕೇಳೋಣ.