ಬಡಾವಣೆಯ ಹೆಸರೂ ಪ್ರಯೋಗಶಾಲೆಯ ಶಿಸ್ತೂ

ದಾವಣಗೆರೆಯಲ್ಲಿ ನಿಜಲಿಂಗಪ್ಪ ಬಡಾವಣೆಯೆಂದರೆ ಆಟೋ ಹೊಡೆಯುವವನಿಗೂ ಗೊತ್ತು, ಅಂಚೆಯವನಿಗೂ ಗೊತ್ತು. ಆ ಹೆಸರಿನ ವ್ಯಕ್ತಿ ಯಾರೆಂದು ಕೇಳಿದರೆ ಮಾತ್ರ ನಮ್ಮ ತರಗತಿಗಳ ವಿದ್ಯಾರ್ಥಿಗಳಲ್ಲಿ ಬಹುಮಂದಿ ‘ಹಿಂದೆ ಮುಖ್ಯಮಂತ್ರಿಯಾಗಿದ್ದವರು’ ಎಂಬಷ್ಟಕ್ಕೆ ನಿಂತುಬಿಡುತ್ತಾರೆ. ಅದೇ ವಿದ್ಯಾರ್ಥಿಗಳು ಅಮೆರಿಕದ ಮೊದಲನೆಯ ಅಧ್ಯಕ್ಷನು ವಾಷಿಂಗ್‌ಟನ್, ಮೂರನೆಯವನು ಜೆಫರ್‌ಸನ್ ಎಂಬುದನ್ನು ಸ್ಪರ್ಧಾ ಪರೀಕ್ಷೆಗಳ ಕೃಪೆಯಿಂದ ತಡವರಿಸದೆ ಹೇಳಬಲ್ಲರು. ಹೇಳಲಿ, ಸಂತೋಷವೇ. ಆದರೆ ಎರಡು ಕಡೆಯೂ ಅವರ ಬಾಯಿಗೆ ಬಂದಿರುವುದು ಹೆಸರು, ಇಸವಿ, ಇಷ್ಟೆ.

ವಿಜ್ಞಾನ ಪತ್ರಿಕೆಯಲ್ಲಿ ಆಳಿದವರ ಮಾತೇಕೆ ಎಂದು ವಾಚಕರು ಕೇಳಬಹುದು. ಒಂದು ನಾಡಿನ ಮೊದಲ ತಲೆಮಾರಿನ ಆಡಳಿತಗಾರರನ್ನು ತೂಗಿ ನೋಡುವುದಕ್ಕೆ ಪ್ರಯೋಗಶಾಲೆಯ ಶಿಸ್ತು ಬೇಕೆಂಬುದು ನಮ್ಮ ಅಭಿಪ್ರಾಯ. ಪ್ರಯೋಗ ಆರಂಭವಾದಾಗ ಸ್ಥಿತಿ ಏನಿತ್ತು, ಈತನ ಕಾಲದಲ್ಲಿ ಎಷ್ಟು ಬದಲಾಯಿತು, ಯಾರ ಖರ್ಚಿನಲ್ಲಿ ಬದಲಾಯಿತು? ಈ ಮೂರನ್ನು ಕೇಳದೆ ಮಾಡುವ ಸ್ತುತಿಗೂ ನಿಂದೆಗೂ ನಾವು ಒಂದೇ ಬೆಲೆ ಕಟ್ಟುತ್ತೇವೆ.

ಎಸ್. ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಕಾನೂನು, ಚಿತ್ರದುರ್ಗದಲ್ಲಿ ವಕೀಲಿ. ಆ ಹಳ್ಳಿಯ ಚರಿತ್ರೆಯೇ ಒಂದು ಪಾಠ. ಅವರು ಹುಟ್ಟಿದಾಗ ಅದು ಮದರಾಸು ಪ್ರಾಂತಕ್ಕೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಆಂಧ್ರ ರಾಜ್ಯವಾದಾಗ ಮೈಸೂರಿಗೆ ಬಂತು. 1997ರಲ್ಲಿ ನಮ್ಮ ದಾವಣಗೆರೆ ಜಿಲ್ಲೆ ರಚನೆಯಾದಾಗ ಇಲ್ಲಿಗೆ ಸೇರಿತು. ಮತ್ತೆ ಬಳ್ಳಾರಿಗೆ ಹೋಗಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಊರು ಕದಲಲಿಲ್ಲ, ಗಡಿಗಳು ಕದಲಿದವು. ಇಂಥ ಗಡಿನಾಡಿನವರು ಏಕೀಕರಣಕ್ಕಾಗಿ ದುಡಿದುದರಲ್ಲಿ ಆಶ್ಚರ್ಯವೇನು?

1956ರ ನವೆಂಬರ್ 1ರಂದು ಹಳೆಯ ಮೈಸೂರು, ಮುಂಬಯಿ ಪ್ರಾಂತದ ನಾಲ್ಕು ಜಿಲ್ಲೆಗಳು, ಹೈದರಾಬಾದಿನ ಮೂರು, ಮದರಾಸಿನ ದಕ್ಷಿಣ ಕನ್ನಡ ಹಾಗೂ ಕೊಳ್ಳೇಗಾಲ, ಜತೆಗೆ ಕೊಡಗು ಇವೆಲ್ಲ ಕೂಡಿ ಒಂದು ರಾಜ್ಯವಾದವು. ಅದರ ಮೊದಲನೆಯ ಮುಖ್ಯಮಂತ್ರಿ ನಿಜಲಿಂಗಪ್ಪನವರು. ಭಾಷೆ ಒಂದಾಗಿತ್ತು, ಸೇರು ಒಂದಾಗಿರಲಿಲ್ಲ. ಒಂದು ಸೀಮೆಯ ಸೇರಿಗೂ ಮತ್ತೊಂದು ಸೀಮೆಯ ಸೇರಿಗೂ ಹೊಂದಿಕೆಯಿಲ್ಲ. ಕೊಳಗ, ಖಂಡಿ, ಪಲ್ಲಗಳ ಲೆಕ್ಕ ಊರಿಗೊಂದು. ಕಲಬುರಗಿಯ ಕಡೆ ನಿಜಾಮರ ಹಾಲಿ ಸಿಕ್ಕಾ ರೂಪಾಯಿಯ ನೆನಪು ಇನ್ನೂ ಹಸಿಯಾಗಿತ್ತು; ಅಂಥ ಏಳು ರೂಪಾಯಿ ಭಾರತದ ಆರು ರೂಪಾಯಿಗೆ ಸಮ. ಅದೇ 1956ರಲ್ಲಿ ಕೇಂದ್ರ ಸರಕಾರ ತೂಕ ಅಳತೆಗಳ ಮಾನಕ ಕಾಯಿದೆಯನ್ನು ತಂದಿತು. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯಾಯಿತು. ಮೆಟ್ರಿಕ್ ಪದ್ಧತಿಯನ್ನು ಅಂಗಡಿಯ ತಕ್ಕಡಿಯವರೆಗೆ ಇಳಿಸುವ ಹೊಣೆ ರಾಜ್ಯಗಳ ಮೇಲೆ ಬಿತ್ತು. ನಮ್ಮ ಮಂಡಿಪೇಟೆಯ ತಕ್ಕಡಿಗಳಿಗೂ ಕಿಲೋಗ್ರಾಮಿನ ಬಟ್ಟುಗಳು ಬಂದವು.

ಇದೇನು ಮಹಾ ಕೆಲಸ ಎನ್ನುವ ತರುಣರು ಅಮೆರಿಕದ ಕಡೆ ತಿರುಗಿ ನೋಡಬೇಕು. 1790ರಲ್ಲಿ, ತಾನಿನ್ನೂ ಅಧ್ಯಕ್ಷನಾಗುವ ಮೊದಲೇ, ಥಾಮಸ್ ಜೆಫರ್‌ಸನ್ ತನ್ನ ದೇಶಕ್ಕೊಂದು ದಶಮಾನ ಪದ್ಧತಿಯನ್ನು ಸೂಚಿಸಿದನು. ಅದಕ್ಕೆ ಆಧಾರ ಯಾವ ರಾಜನ ಅಡಿಯೂ ಅಲ್ಲ, ಲೋಲಕ. ಎಲ್ಲೆಡೆಯೂ ಒಂದೇ ದಪ್ಪವಿರುವ ಕಬ್ಬಿಣದ ಸರಳನ್ನು ಒಂದು ತುದಿಯಿಂದ ತೂಗುಬಿಟ್ಟು, 45 ಡಿಗ್ರಿ ಅಕ್ಷಾಂಶದಲ್ಲಿ ಅದು ಈ ಬದಿಯಿಂದ ಆ ಬದಿಗೆ ಸರಿಯಾಗಿ ಒಂದು ಸೆಕೆಂಡಿನಲ್ಲಿ ಹೋಗುವಂತೆ ಉದ್ದವನ್ನು ಗೊತ್ತುಮಾಡುವುದು. ಆ ಉದ್ದದ ಐದನೆಯ ಒಂದು ಭಾಗವೇ ಅಡಿ. ನಮ್ಮ ಪ್ರಯೋಗಶಾಲೆಯಲ್ಲಿ ಗುಂಡು ಕಟ್ಟಿದ ದಾರದಿಂದ ‘ಜಿ’ಯ ಬೆಲೆಯನ್ನು ಕಂಡುಹಿಡಿಯುವ ವಿದ್ಯಾರ್ಥಿಗೆ ಇದು ಹೊಸದಲ್ಲ. ಸೆಕೆಂಡಿಗೊಮ್ಮೆ ದಾಟುವ ದಾರದ ಲೋಲಕ ಒಂದು ಮೀಟರಿಗೆ ತುಸು ಕಡಿಮೆ. ಸರಳಾದರೆ ಅದರ ಒಂದೂವರೆಯಷ್ಟು, ಅಂದರೆ ಸುಮಾರು 1.49 ಮೀಟರ್. ಏಕೆ ಒಂದೂವರೆ ಎಂಬುದನ್ನು ಬಿ.ಎಸ್‌ಸಿ. ವಾಚಕರು ತಾವೇ ಸಾಧಿಸಿ ನೋಡಲಿ. ಅಮೆರಿಕದ ಶಾಸನಸಭೆ ನಾಣ್ಯದ ದಶಮಾನವನ್ನು ಒಪ್ಪಿತು, ಅಳತೆಯದನ್ನು ಬದಿಗಿಟ್ಟಿತು. ಜೆಫರ್‌ಸನ್ 1801ರಿಂದ 1809ರವರೆಗೆ ಅಧ್ಯಕ್ಷನಾಗಿದ್ದರೂ ಅದು ಕೈಗೂಡಲಿಲ್ಲ. ಇಂದಿಗೂ ಆ ದೇಶದ ಸಾಮಾನ್ಯ ಜನರು ಪೌಂಡಿನಲ್ಲಿ ತೂಗಿ ಮೈಲಿಯಲ್ಲಿ ಅಳೆಯುತ್ತಾರೆ. ನಮ್ಮ ಸಂತೆಯ ಮುದುಕಿ ಆ ವಿಷಯದಲ್ಲಿ ಅವರಿಗಿಂತ ಮುಂದಿದ್ದಾಳೆ.

ಇನ್ನು ವಿದ್ಯುಚ್ಛಕ್ತಿ. ನಿಜಲಿಂಗಪ್ಪನವರ ಹೆಸರು ಬಂದಲ್ಲೆಲ್ಲ ಶರಾವತಿ ಯೋಜನೆಯ ಹೆಸರೂ ಬರುತ್ತದೆ; ಬರತಕ್ಕದ್ದೇ. ಅವರ ಎರಡನೆಯ ಅವಧಿ 1962ರಿಂದ 1968ರವರೆಗೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆದರೆ ಪ್ರಯೋಗದ ಆರಂಭಸ್ಥಿತಿಯನ್ನು ಮರೆಯಬಾರದು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದದ್ದು 1902ರಲ್ಲಿ, ನಿಜಲಿಂಗಪ್ಪನವರು ಹುಟ್ಟಿದ ವರ್ಷದಲ್ಲಿಯೇ. ಆ ಕೆಲಸಕ್ಕೆ ಕೈಹಾಕಿದ ದಿವಾನ್ ಶೇಷಾದ್ರಿ ಅಯ್ಯರ್ ಅದಕ್ಕೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದರು. ಜೋಗದ ಮಹಾತ್ಮಾ ಗಾಂಧಿ ವಿದ್ಯುದಾಗಾರ 1948ರದು. ಅದಕ್ಕೆ ನೀರು ಕೊಟ್ಟ ಹಿರೇಭಾಸ್ಕರ ಅಣೆಕಟ್ಟು ಈಗ ಲಿಂಗನಮಕ್ಕಿಯ ನೀರಿನೊಳಗೇ ಮುಳುಗಿದೆ! ನಮ್ಮ ಸುತ್ತಲಿನ ಗದ್ದೆಗಳಿಗೆ ನೀರುಣಿಸುವ ಭದ್ರಾ ಯೋಜನೆಯೂ ಸ್ವಾತಂತ್ರ್ಯದ ಹೊತ್ತಿಗೆ ಆರಂಭವಾಗಿ, ಕೆ. ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ನಿಜಲಿಂಗಪ್ಪ, ಬಿ. ಡಿ. ಜತ್ತಿ, ಇವರೆಲ್ಲರ ಆಳ್ವಿಕೆಯನ್ನು ಹಾದು ಬಂದದ್ದು. ಅಣೆಕಟ್ಟಿಗೆ ಒಬ್ಬನೇ ತಂದೆಯನ್ನು ಹುಡುಕುವ ನಮ್ಮ ಚಾಳಿ ಚರಿತ್ರೆಯೂ ಅಲ್ಲ, ವಿಜ್ಞಾನವೂ ಅಲ್ಲ.

ಒಂದು ಘನ ಮೀಟರ್ ನೀರು 400 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಒಂದು ಯೂನಿಟ್ ವಿದ್ಯುತ್ತಿಗಿಂತ ಸ್ವಲ್ಪವೇ ಹೆಚ್ಚು. ಶರಾವತಿಯಲ್ಲಿ ನೀರು ಇದಕ್ಕಿಂತ ಹೆಚ್ಚು ಎತ್ತರದಿಂದ ಇಳಿಯುತ್ತದೆ, ಯಂತ್ರಗಳಲ್ಲಿ ಕೊಂಚ ನಷ್ಟವೂ ಆಗುತ್ತದೆ; ಒಟ್ಟಿನಲ್ಲಿ ನಮ್ಮ ಮನೆಯ ಮೀಟರಿನ ಒಂದೊಂದು ಯೂನಿಟ್ಟಿಗೂ ಸುಮಾರು ಒಂದು ಘನ ಮೀಟರ್ ನೀರು ಎಂದಿಟ್ಟುಕೊಳ್ಳಬಹುದು. ಹತ್ತು ಯಂತ್ರಗಳ ಆ ಆಗಾರದ ಇಂದಿನ ಸಾಮರ್ಥ್ಯ 1035 ಮೆಗಾವಾಟ್. ಅಷ್ಟು ನೀರು ನಿಲ್ಲಲು ನೆಲ ಬೇಕಲ್ಲವೆ? ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳೂ ತೋಟಗದ್ದೆಗಳೂ ಅದಕ್ಕೆ ಹೋದವು. ಮುಳುಗಡೆಯ ಸಂತ್ರಸ್ತರಲ್ಲಿ ಅನೇಕರು ಭೂಮಿಯ ಹಕ್ಕುಪತ್ರಕ್ಕಾಗಿ ಈಗಲೂ ಅಲೆಯುತ್ತಿದ್ದಾರೆ. ಹಿನ್ನೀರಿನ ಆಚೆ ಉಳಿದ ತುಮರಿ ಸೀಮೆಯವರು ಸಾಗರಕ್ಕೆ ಬರಲು ಆರು ದಶಕ ಲಾಂಚನ್ನು ಕಾದರು. ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ರಾಜ್ಯಕ್ಕೆ ಬೆಳಕು ಕೊಟ್ಟ ನೀರಿನ ದಡದಲ್ಲಿದ್ದವರಿಗೆ ರಾತ್ರಿ ಹೆರಿಗೆ ನೋವು ಬಂದರೆ ದೋಣಿಯೇ ಗತಿ. ಯೋಜನೆ ಬೇಡವಾಗಿತ್ತೆಂದು ನಾವು ಹೇಳುವುದಿಲ್ಲ. ಅದಿಲ್ಲದಿದ್ದರೆ ಈ ರಾಜ್ಯದ ಕಾರ್ಖಾನೆಗಳ ಗತಿ ಏನಾಗುತ್ತಿತ್ತೆಂಬುದು ಊಹೆಗೆ ಮೀರಿದ್ದಲ್ಲ. ಆದರೆ ಖರ್ಚಿನ ಅಂಕಣವನ್ನು ಖಾಲಿ ಬಿಟ್ಟು ಬರೆದ ಜೀವನಚರಿತ್ರೆಯನ್ನು ನಾವು ನಂಬುವುದಿಲ್ಲ. ಮನುಷ್ಯರೆಲ್ಲ ಸಮಾನರೆಂದು ಬರೆದ ಜೆಫರ್‌ಸನ್ ತನ್ನ ಜೀವಮಾನದಲ್ಲಿ ಆರು ನೂರಕ್ಕೂ ಹೆಚ್ಚು ಮಂದಿ ಗುಲಾಮರ ಒಡೆಯನಾಗಿದ್ದನು. ಅದನ್ನು ಆ ದೇಶದ ಚರಿತ್ರಕಾರರು ಇಂದು ಮುಚ್ಚಿಡುತ್ತಿಲ್ಲ, ಲೋಲಕವನ್ನು ಅಲ್ಲಗಳೆಯುತ್ತಲೂ ಇಲ್ಲ.

ಕಾಲದ ವಿಷಯವೂ ಇದೆ. ವಾಷಿಂಗ್‌ಟನ್ ತನ್ನ ಅಧಿಕಾರದ ಕೊನೆಯಲ್ಲಿ, 1796ರಲ್ಲಿ, ಕೃಷಿಯ ಸುಧಾರಣೆಗೊಂದು ಮಂಡಲಿ ಬೇಕು, ರಾಷ್ಟ್ರೀಯ ವಿಶ್ವವಿದ್ಯಾನಿಲಯ ಬೇಕು ಎಂದು ಶಾಸನಸಭೆಯನ್ನು ಕೇಳಿಕೊಂಡನು. ಸಿಗಲಿಲ್ಲ. 1862ರಲ್ಲಿ ಲಿಂಕನ್ ಸಹಿ ಮಾಡಿದ ಕಾಯಿದೆಯಿಂದ ಭೂದಾನದ ಆಧಾರದ ಮೇಲೆ ಕೃಷಿ ಮತ್ತು ಯಂತ್ರವಿದ್ಯೆಯ ಕಾಲೇಜುಗಳು ಹುಟ್ಟಿದವು. ಅದೇ ಮಾದರಿಯಲ್ಲಿ ಬೋಧನೆ, ಸಂಶೋಧನೆ, ವಿಸ್ತರಣೆ ಮೂರನ್ನೂ ಒಂದೇ ಸೂರಿನಡಿ ತಂದ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1964ರಲ್ಲಿ, ನಿಜಲಿಂಗಪ್ಪನವರ ಕಾಲದಲ್ಲಿ, ಹೆಬ್ಬಾಳದಲ್ಲಿ ಆರಂಭವಾಯಿತು. ಆಲಮಟ್ಟಿಗೆ ಶಂಕುಸ್ಥಾಪನೆಯಾದದ್ದೂ ಆ ವರ್ಷವೇ. ಅಣೆಕಟ್ಟು ಪೂರ್ಣವಾಗುವ ಹೊತ್ತಿಗೆ ಶತಮಾನವೇ ಬದಲಾಗಿತ್ತು, 2000ದ ಆಗಸ್ಟ್‌ನಲ್ಲಿ ನಿಜಲಿಂಗಪ್ಪನವರು ಚಿತ್ರದುರ್ಗದಲ್ಲಿ ಕಣ್ಣುಮುಚ್ಚಿದ್ದರು. ಐದು ವರ್ಷಕ್ಕೊಮ್ಮೆ ಬರುವ ಚುನಾವಣೆಯ ಗಡಿಯಾರದಿಂದ ಇಂಥ ಕೆಲಸಗಳನ್ನು ಅಳೆಯಹೊರಟರೆ, ದಿನದ ಉದ್ದವನ್ನು ನಿಲುಗಡಿಯಾರ ಹಿಡಿದು ಅಳೆದಂತಾಗುತ್ತದೆ.

ಡಿಸೆಂಬರ್ 10ರಂದು ಜಯಂತಿಯ ದಿನ ಹಾರ ಹಾಕುವವರು ಹಾಕಲಿ. ದಾವಣಗೆರೆ, ಹರಿಹರಗಳ ಕಾಲೇಜುಗಳ ವಿಜ್ಞಾನ ಸಂಘಗಳಿಂದ ನಾವು ಬಯಸುವುದು ಬೇರೆ. ಭದ್ರಾ ನಾಲೆಯಿಂದಲೇ ಮೊದಲುಮಾಡಿ. ಯಾವ ಹಳ್ಳಿಗೆ ಯಾವ ವರ್ಷ ನೀರು ಬಂತು, ಯಾವ ವರ್ಷ ವಿದ್ಯುತ್ತು ಬಂತು, ಅದಕ್ಕೆ ಮುಂಚೆ ಏನು ಬೆಳೆಯುತ್ತಿದ್ದರು ಎಂದು ಬರೆದಿಡಿ. ರಜೆಯಲ್ಲಿ ನಾಲ್ಕು ಮಂದಿಯಾದರೂ ಸಾಗರದ ಕಡೆ ಹೋಗಿ ಮುಳುಗಡೆಯ ಹಿರಿಯರ ಮಾತನ್ನು ಕೇಳಿ ಬರಬೇಕು. ಲಿಂಗನಮಕ್ಕಿಗೆ ನೀರು ತುಂಬಿದಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ.