ಚೀಟಿಯಲ್ಲಿ ಬಂದದ್ದು 'ವಿರೋಧ'

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಸಂಘದವರು ಚರ್ಚಾ ಸ್ಪರ್ಧೆಗೆ ಇಟ್ಟ ವಿಷಯ ನೆನಪಿದೆಯಲ್ಲ? '371(ಜೆ) ಇನ್ನೂ ಬೇಕೇ?' ಪರವೋ ವಿರೋಧವೋ ಅನ್ನೋದು ಚೀಟಿ ಎತ್ತಿ ನಿರ್ಧಾರ. ನನಗೆ 'ವಿರೋಧ' ಬಂತು. ನಾನು ಮುದಗಲ್‌ನವನು. ಈ ಕಾಲೇಜಿನಲ್ಲಿ ನನಗೆ ಸೀಟು ಸಿಕ್ಕಿದ್ದೇ ಆ 371(ಜೆ) ಪ್ರಮಾಣಪತ್ರದಿಂದ. ಕುಷ್ಟಗಿ ಕಡೆಯ ನನ್ನ ರೂಮ್‌ಮೇಟ್ ಬಿದ್ದು ಬಿದ್ದು ನಕ್ಕ. "ಕುಂತ ಟೊಂಗಿ ನೀನೇ ಕಡಕೊಳ್ಳಾಕ ಹೊಂಟೀಯಲ್ಲಲೇ!"

ಚೀಟಿ ಬದಲಿಸಿ ಕೊಡಿ ಅಂತ ಕೇಳಿದೆ, ಕೊಡಲಿಲ್ಲ. ಒಳ್ಳೇದೇ ಆಯ್ತು.

ಅದುವರೆಗೆ 371(ಜೆ) ಅಂದ್ರೆ ನನ್ನ ಫೈಲಿನಲ್ಲಿದ್ದ ಒಂದು ಜೆರಾಕ್ಸ್ ಪ್ರತಿ, ಅಷ್ಟೇ. ಹಾಸ್ಟೆಲ್‌ನಲ್ಲಿ ಯಾರಾದರೂ "ನೀವೆಲ್ಲ ಕೋಟಾದವರು" ಅಂದರೆ ಸಿಟ್ಟು ಬರುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ವಿರೋಧಿಸಬೇಕಾಗಿ ಬಂದದ್ದರಿಂದ ಓದಬೇಕಾಯಿತು. 2012ರಲ್ಲಿ ಸಂಸತ್ತು ಒಪ್ಪಿದ 98ನೇ ತಿದ್ದುಪಡಿ ಅದು. ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ್ದರ ಫಲ. ಅದಕ್ಕೂ ಹಿಂದೆ ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ಇದೆ. ಅತ್ಯಂತ ಹಿಂದುಳಿದ ತಾಲ್ಲೂಕುಗಳು 39 ಅಂತ ಅದು ಹೇಳಿತು, ಅದರಲ್ಲಿ 21 ಕಲಬುರಗಿ ವಿಭಾಗದವು. ನಮ್ಮ ಲಿಂಗಸುಗೂರು ಆ ಪಟ್ಟಿಯಲ್ಲಿದೆ. ಹಟ್ಟಿ ಚಿನ್ನದ ಗಣಿ ಇರೋದೂ ಅದೇ ತಾಲ್ಲೂಕಿನಲ್ಲಿ, ನೋಡಿ!

ವಿರೋಧಕ್ಕೂ ಗಟ್ಟಿ ವಾದ ಸಿಕ್ಕಿತು. ಪಿಯುಸಿ ಮುಗಿದ ಮೇಲೆ ಸೀಟು ಕೊಡುವ ಸರ್ಕಾರ ಒಂದನೇ ಕ್ಲಾಸಿಗೆ ಮೇಷ್ಟ್ರನ್ನೇ ಕೊಡದಿದ್ದರೆ ಆ ಸೀಟು ಯಾರಿಗೆ ಸಿಗುತ್ತೆ? ದೊಡ್ಡ ಊರಿಗೆ ಕಳಿಸಿ, ಟ್ಯೂಷನ್ ಫೀ ಕಟ್ಟಬಲ್ಲವರ ಮಕ್ಕಳಿಗೆ. ನಾನೂ ಪಿಯುಸಿ ಓದಿದ್ದು ಮುದಗಲ್‌ನಲ್ಲಲ್ಲ. ಈ ಮಾತನ್ನು ವೇದಿಕೆ ಮೇಲೆ ಹೇಳುವಾಗ ಗಂಟಲು ಸ್ವಲ್ಪ ಹಿಡಿಯಿತು. (ನಮ್ಮೂರ ಕೋಟೆ ಬಹಮನಿ, ವಿಜಯನಗರ, ಆದಿಲಶಾಹಿ ಅಂತ ಎಷ್ಟೋ ಸಲ ಕೈ ಬದಲಾಗಿದೆ, ಪಕ್ಷ ಬದಲಿಸೋದು ನಮಗೆ ಹೊಸದಲ್ಲ ಅಂತ ಜೋಕ್ ಕೂಡ ಹೊಡೆದೆ. ಯಾರೂ ನಗಲಿಲ್ಲ.) ಬಹುಮಾನವೂ ಬರಲಿಲ್ಲ. 371(ಜೆ) ಬೇಡ ಅಂತ ನನಗೆ ಇವತ್ತಿಗೂ ಅನಿಸಿಲ್ಲ. ಅದೊಂದೇ ಸಾಕು ಅಂತ ಅನಿಸೋದು ಮಾತ್ರ ನಿಂತಿದೆ.

"ಎಂಜಿನಿಯರಿಂಗ್ ಓದೋರಿಗೆ ಇದೆಲ್ಲ ಯಾಕೆ, ಪ್ಲೇಸ್‌ಮೆಂಟ್ ನೋಡ್ಕೊಳ್ಳಿ" ಅನ್ನೋ ಸೀನಿಯರ್‌ಗಳಿಗೆ ಒಂದು ಹಳೇ ಸುದ್ದಿ. 1973ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಹಾಸ್ಟೆಲ್ ಊಟದ ಬಿಲ್ ಶೇ 20 ಏರಿತು ಅಂತ ಪ್ರತಿಭಟನೆಗೆ ಇಳಿದರು. ಮುಂದೆ ಅದೇ ನವನಿರ್ಮಾಣ ಚಳವಳಿಯಾಗಿ, 1974ರ ಫೆಬ್ರುವರಿಯಲ್ಲಿ ಗುಜರಾತಿನ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಟ್ಟರು. ಮೆಸ್ ಬಿಲ್‌ನಿಂದ ಶುರುವಾದದ್ದು!

ಅದಕ್ಕೆ ಒಂದು ತಿಂಗಳು ಮುಂಚೆ ನಮ್ಮ ಮೈಸೂರಿನಲ್ಲಿ ಇನ್ನೊಂದು ನಡೆಯಿತು. ಅತಿಥಿಯಾಗಿ ಬಂದಿದ್ದ ಮಂತ್ರಿ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಅಂದರು. ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿಗಿರಿ ಹೋಯಿತು. ಕುವೆಂಪು ಅವರೇ ಬಸವಲಿಂಗಪ್ಪನವರ ಮಾತಿನಲ್ಲಿ ಹುರುಳಿದೆ ಎಂದರೂ ಗಲಾಟೆ ನಿಲ್ಲಲಿಲ್ಲ. ಭಾಷಣ ಕೇಳಿದವರು ಸಭೆಯಲ್ಲಿದ್ದಷ್ಟು ಮಂದಿ, ಬೀದಿಗೆ ತಲುಪಿದ್ದು ಒಂದೇ ಪದ. ಆದರೆ ಅದೇ ಮಾತನ್ನು ಇನ್ನೊಂದು ಗುಂಪು ಬೇರೆ ರೀತಿ ಕೇಳಿಸಿಕೊಂಡಿತು. ನಮ್ಮ ಬದುಕು ಈ ಸಾಹಿತ್ಯದಲ್ಲಿ ಎಲ್ಲಿದೆ ಅಂತ ಕೇಳಿದ ದಲಿತ ಯುವಕರು ಅವರು. ದಲಿತ ಸಂಘರ್ಷ ಸಮಿತಿ ಬೆಳೆದದ್ದು ಆ ಬಿಸಿಯಲ್ಲೇ. ಒಂದು ಭಾಷಣ, ಎರಡು ಥರದ ಕಿವಿ. ವಾಟ್ಸಾಪ್‌ನಲ್ಲಿ ಮೂವತ್ತು ಸೆಕೆಂಡಿನ ಕ್ಲಿಪ್ ನೋಡಿ ಅಭಿಪ್ರಾಯ ಕಟ್ಟಿಕೊಳ್ಳುವ ನಾವು ಯಾವ ಗುಂಪಿನಲ್ಲಿದ್ದೇವೆ ಅಂತ ಹೇಳಬೇಕಾಗಿಲ್ಲ.

ನನ್ನದೂ ಅದೇ ಕಥೆ. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ 13ರಂದು ಶುರುವಾದ ಧರಣಿ ಸಾವಿರ ದಿನ ದಾಟಿತು. ನಾನು ಸ್ಟೇಟಸ್ ಹಾಕಿದ್ದೆ, ಟೆಂಟಿಗೆ ಹೋಗಿರಲಿಲ್ಲ. ರಜೆಯಲ್ಲಿ ಒಂದು ದಿನ ಹೋಗಿ ಕೂತೆ. ಹಿರಿಯರೊಬ್ಬರು ಕೇಳಿದರು: "ಐಐಟಿ ಹೋದಾಗ ನೀವು ಹುಡುಗ್ರು ಎಲ್ಲಿದ್ರಿ?" ನಂಜುಂಡಪ್ಪ ವರದಿ ಐಐಟಿ ರಾಯಚೂರಿಗೆ ಬರಲಿ ಅಂದಿತ್ತು, ಅದು ಧಾರವಾಡಕ್ಕೆ ಹೋಯಿತು. ನಾವಾಗ ಪ್ರೈಮರಿ ಸ್ಕೂಲಿನಲ್ಲಿದ್ದೆವು ಅಂದೆ. 2019ರಲ್ಲಿ ಬಂದ ಟ್ರಿಪಲ್ ಐಟಿ ಕೂಡ ಮೊದಲು ಪಾಠ ಶುರುಮಾಡಿದ್ದು ಹೈದರಾಬಾದಿನಲ್ಲಿ. ಆಮೇಲೆ ನಾನು ಧೈರ್ಯ ಮಾಡಿ ಕೇಳಿದೆ: "ಏಮ್ಸ್ ಬಂದ್ರ ನಮ್ಮೂರ ದವಾಖಾನಿಗೆ ಡಾಕ್ಟರ್ ಬರ್ತಾರೇನ್ರಿ?" ಬೈತಾರೆ ಅಂದುಕೊಂಡಿದ್ದೆ. "ಚಲೋ ಕೇಳಿದಿ, ಕುಂದರು" ಅಂತ ಚಹಾ ತರಿಸಿದರು. ಒಂದು ತಾಸು ಮಾತಾಡಿದೆವು. ಪೂರ್ತಿ ಉತ್ತರ ಅವರ ಹತ್ತಿರವೂ ಇರಲಿಲ್ಲ. ಆದರೂ ಆ ಒಂದು ತಾಸಿನಲ್ಲಿ ನನಗೆ ಗೊತ್ತಾದಷ್ಟು ನೂರು ಸ್ಟೇಟಸ್‌ನಲ್ಲಿ ಗೊತ್ತಾಗಿರಲಿಲ್ಲ.

ಈಗ ನಮ್ಮ ಅತಿಥಿ ಉಪನ್ಯಾಸಗಳನ್ನು ನೆನಪಿಸಿಕೊಳ್ಳಿ. ಸ್ವಾಗತ, ಹೂಗುಚ್ಛ, ಶಾಲು, ಪರಿಚಯ, ಒಂದೂವರೆ ತಾಸು ಭಾಷಣ. ಕೊನೆಗೆ "ಸಮಯದ ಅಭಾವದಿಂದ ಪ್ರಶ್ನೋತ್ತರ ಇರುವುದಿಲ್ಲ." ಆಮೇಲೆ ಅರ್ಧ ತಾಸು ಸೆಲ್ಫಿ! ಅದಕ್ಕೆ ಮಾತ್ರ ಸಮಯ ಎಲ್ಲಿಂದ ಬರುತ್ತೋ. ಕೂತವರಲ್ಲಿ ಅರ್ಧ ಜನ ಅಟೆಂಡೆನ್ಸ್‌ಗೆ ಬಂದವರು, ಇನ್ನರ್ಧ ಮೊದಲೇ ಆ ಅತಿಥಿಯ ಅಭಿಮಾನಿಗಳು. ಒಳಗೆ ಹೋದ ಅಭಿಪ್ರಾಯವನ್ನೇ ಹಾಗೇ ಹೊತ್ತು ಹೊರಗೆ ಬರುತ್ತೇವೆ. ತಪ್ಪು ಅತಿಥಿಯದಲ್ಲ, ಕೇಳೋಕೆ ಜಾಗ ಇಡದ ನಮ್ಮದು.

ಹಾಗಾಗಿ ಸಂಘದವರಿಗೆ ನೇರವಾಗಿಯೇ ಕೇಳುತ್ತಿದ್ದೇನೆ. ಈ ರಾಜ್ಯೋತ್ಸವಕ್ಕೆ ಯಾರನ್ನೇ ಕರೆಯಿರಿ, ಎಡವೋ ಬಲವೋ ಸಿನಿಮಾದವರೋ, ಅರ್ಧ ತಾಸು ಮಾತು, ಅರ್ಧ ತಾಸು ಪ್ರಶ್ನೆ. ಮೈಕ್ ಹಿಡಿಯೋಕೆ ಹೆದರುವ ಫಸ್ಟ್ ಇಯರ್‌ನವರಿಗಾಗಿ ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಬರೆಯೋ ಅವಕಾಶ ಇರಲಿ. ಚರ್ಚಾ ಸ್ಪರ್ಧೆಯಲ್ಲಿ ಎತ್ತಿದ ಚೀಟಿ ಯಾರು ಅತ್ತರೂ ಬದಲಿಸಬೇಡಿ. ಅತಿಥಿಗೆ ಬೇಜಾರಾಗುತ್ತೆ ಅಂತ ಕಮಿಟಿಯಲ್ಲಿ ಯಾರೋ ಹೇಳ್ತಾರೆ, ಗೊತ್ತು. ಬೇಜಾರು ಮಾಡಿಕೊಳ್ಳುವವರು ಬೇಡವೇ ಬೇಡ.

ನವೆಂಬರ್‌ ಅತಿಥಿ ಇನ್ನೂ ಅಂತಿಮ ಆಗಿಲ್ಲ ಅಂತ ಕೇಳಿದೆ. ಕರೆಯುವ ಪತ್ರದಲ್ಲೇ ಈ ಮಾತು ಸೇರಿಸಿ. ಪತ್ರ ಬರೆಯೋಕೆ ಜನ ಬೇಕಿದ್ದರೆ ನಾನಿದ್ದೇನೆ.