ತೂಕ ಒಂದನ್ನೇ ನೋಡಿದರೆ ಸಾಕೇ?

ಮಕ್ತಲ್, ನಾರಾಯಣಪೇಟೆ, ಗದ್ವಾಲ ಕಡೆ ಟಗರು ಕೊಳ್ಳುವವರು ಮೊದಲು ಬೆನ್ನಿನ ಮೇಲೆ ಕೈಯಿಟ್ಟು ನೋಡ್ತಾರೆ. ಬೆನ್ನು ತುಂಬಿದ್ದರೆ ಮಾಂಸ ಜಾಸ್ತಿ, ರೇಟೂ ಜಾಸ್ತಿ. ಹಿಂಡಿಗೆ ಬಿಡುವ ಟಗರನ್ನೂ ಈಗ ಇದೇ ಲೆಕ್ಕದಲ್ಲಿ ಆರಿಸ್ತಾರೆ. ಉಣ್ಣೆಯ ದಖನಿ ಕುರಿಗಳ ಜೊತೆ ಎತ್ತರದ, ಉಣ್ಣೆಯಿಲ್ಲದ ನೆಲ್ಲೂರು ಟಗರು ಬಿಡುವುದು ಹೆಚ್ಚಾಗಿದೆ. ಕುರಿಗಾರರನ್ನು ನಾನು ದೂರುವುದಿಲ್ಲ. ಉಣ್ಣೆಗೆ ಬೆಲೆಯಿಲ್ಲ, ಮನೆ ನಡೀಬೇಕಲ್ಲ? ಆದರೆ ಮಾಂಸ ಒಂದನ್ನೇ ನೋಡಿ ಆರಿಸುವವರು ಹಂದಿಗಳ ಈ ಕತೆ ಕೇಳಬೇಕು.

ಬೆಲ್ಜಿಯಂ ದೇಶದ ಪಿಯೆಟ್ರೈನ್ ಹಂದಿಗೆ ತೊಡೆ ತುಂಬ ಮಾಂಸ, ಕೊಬ್ಬು ಕಡಿಮೆ. ಸಾಕುವವರು ಅಂಥವನ್ನೇ ಆರಿಸುತ್ತ ಹೋದರು. ಆಮೇಲೆ ನೋಡಿದರೆ ಲಾರಿಗೆ ಹತ್ತಿಸುವಾಗಲೇ ಕೆಲವು ಹಂದಿ ಬಿದ್ದು ಸಾಯತೊಡಗಿದವು! ಉಳಿದವುಗಳ ಮಾಂಸವೂ ಬಿಳಚಿಕೊಂಡು, ಮೆತ್ತಗಾಗಿ, ನೀರು ಬಿಡುತ್ತಿತ್ತು.

ಕಾರಣ ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುವ ಒಂದು ಬಾಗಿಲಿನಂಥ ಪ್ರೋಟೀನು. ಗಾಬರಿಯಾದರೆ ಆ ಬಾಗಿಲು ಮುಚ್ಚದೆ ಸ್ನಾಯು ಬಿಗಿದು, ಮೈ ಕಾದು, ಆಮ್ಲ ಹೆಚ್ಚುತ್ತದೆ. ಸಾಮಾನ್ಯವಾಗಿ ಕಡಿದ ಮೇಲೆ ಮಾಂಸದ ಪಿಎಚ್ 7ರಿಂದ ಸುಮಾರು 5.6ಕ್ಕೆ ಗಂಟೆಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ಇವುಗಳಲ್ಲಿ ಮುಕ್ಕಾಲು ಗಂಟೆಯೊಳಗೇ 6ಕ್ಕಿಂತ ಕೆಳಗೆ! ಮಾಂಸ ಇನ್ನೂ ಬಿಸಿಯಿರುವಾಗಲೇ ಆಮ್ಲ ಏರಿದ್ದರಿಂದ ಪ್ರೋಟೀನು ಕೆಟ್ಟು ನೀರು ಹಿಡಿದಿಡಲಾರದು.

1991ರಲ್ಲಿ ಕೆನಡಾದ ವಿಜ್ಞಾನಿಗಳು ಇದರ ಮೂಲ ಕಂಡುಹಿಡಿದರು. ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು, ಅಷ್ಟೇ. ಅದಕ್ಕೂ ಮುಂಚೆ ಹ್ಯಾಲೋಥೇನ್ ಎಂಬ ಅರಿವಳಿಕೆ ಮೂಸಿಸಿ, ಕಾಲು ಸೆಟೆದುಕೊಂಡ ಮರಿಗಳನ್ನು ಬೇರೆ ಮಾಡ್ತಿದ್ದರು. ಆದರೆ ಅದರಲ್ಲಿ ಸಿಕ್ಕಿಬೀಳುತ್ತಿದ್ದದ್ದು ಎರಡೂ ಪ್ರತಿ ದೋಷವಿದ್ದವು ಮಾತ್ರ. ಮೆಂಡೆಲನ ಬಟಾಣಿ ಪಾಠ ನೆನಪಿದೆಯಲ್ವಾ? ಒಂದೇ ಪ್ರತಿ ಹೊತ್ತ ಹಂದಿ ಆರೋಗ್ಯವಾಗಿ ಕಾಣುತ್ತದೆ, ಮಾಂಸವೂ ತುಸು ಹೆಚ್ಚೇ. ಹಾಗಾಗಿ ಅದನ್ನೇ ತಳಿಗೆ ಉಳಿಸಿಕೊಳ್ಳುತ್ತಿದ್ದರು. ಅಂಥ ಎರಡು ಕೂಡಿದರೆ ನಾಲ್ಕರಲ್ಲಿ ಒಂದು ಮರಿಗೆ ಕುತ್ತು.

ಕುರಿಯ ತೂಕ ಹೀಗೆ ಒಂದೇ ಜೀನಿನ ಆಟವಲ್ಲ, ಹಲವು ಜೀನುಗಳದ್ದು. ಆದರೂ ಬಿಸಿಲಲ್ಲಿ ಮೈಲಿಗಟ್ಟಲೆ ನಡೆದು, ಒಣಹುಲ್ಲು ತಿಂದು ಬದುಕುವ ದಖನಿಯ ಗಟ್ಟಿತನ ತಕ್ಕಡಿಯಲ್ಲಿ ಕಾಣುವುದಿಲ್ಲ. 2017ರಲ್ಲಿ ತೆಲಂಗಾಣ ಸರ್ಕಾರ ಕುರಿ ಹಂಚಿದಾಗ ಒಂದು ಘಟಕ ಅಂದರೆ 20 ಕುರಿ, 1 ಟಗರು. ಹುಟ್ಟುವ ಎಲ್ಲ ಮರಿಗಳ ಅರ್ಧ ಜೀನು ಆ ಒಂದೇ ಟಗರಿನದು!

ನನ್ನ ಕೇಳಿದರೆ ಹೊರಗಿನ ಟಗರಿಗಿಂತ ದಖನಿಯಲ್ಲೇ ಚೆನ್ನಾಗಿ ಬೆಳೆಯುವುದನ್ನು ಆರಿಸಬೇಕು. ಮರಿ ಹುಟ್ಟಿದಾಗಿನ ತೂಕ, ಮೂರು ತಿಂಗಳ ತೂಕ, ತಾಯಿಯ ಹಾಲು, ಬೇಸಿಗೆಯಲ್ಲಿ ಸತ್ತ ಮರಿಗಳೆಷ್ಟು, ಇವನ್ನು ಬರೆದಿಡಬೇಕು. ಕುರಿ ಇರುವ ಮನೆಯ ಮಕ್ಕಳು ಒಂದು ನೋಟ್‌ಬುಕ್, ಒಂದು ಸ್ಪ್ರಿಂಗ್ ತಕ್ಕಡಿ ಇಟ್ಟುಕೊಂಡು ಈ ವರ್ಷದ ಮರಿಗಳಿಂದಲೇ ಶುರು ಮಾಡಬಹುದು.